ನನ್ನ ಆಯ್ಕೆ ಮಿನ್ನೆಸೋಟ: ರಾಜ್ಯ ಆರಿಸುವ ಮುನ್ನ ಅಲ್ಲಿನ ಕಾನೂನು ನೋಡಿ

ಅಮೆರಿಕಕ್ಕೆ ಹೊರಟವರಾಗಲಿ, ಅಲ್ಲೇ ಇದ್ದು ಕೆಲಸ ಬದಲಿಸುವವರಾಗಲಿ, ಯಾವ ರಾಜ್ಯ ಒಳ್ಳೆಯದು ಎಂಬ ಮಾತು ಬಂದಾಗ ಕೇಳುವುದು ಹೆಚ್ಚಾಗಿ ಮೂರೇ ಸಂಗತಿ: ಹವೆ ಹೇಗಿದೆ, ನಮ್ಮವರು ಎಷ್ಟು ಮಂದಿ ಇದ್ದಾರೆ, ಆದಾಯ ತೆರಿಗೆ ಇದೆಯೇ ಇಲ್ಲವೇ. ನಾನು ಕೇಳುವ ಪ್ರಶ್ನೆ ಬೇರೆ. ಆ ರಾಜ್ಯದ ಕಾನೂನು ಬಾಡಿಗೆದಾರನನ್ನು, ನೌಕರನನ್ನು, ಶಾಲೆಗೆ ಹೋಗುವ ಮಗುವನ್ನು ಹೇಗೆ ನೋಡಿಕೊಳ್ಳುತ್ತದೆ? ಹೊಸದಾಗಿ ಬಂದ ಕುಟುಂಬ ಮೊದಲ ಹಲವು ವರ್ಷ ಬದುಕುವುದು ಬಾಡಿಗೆ ಮನೆಯಲ್ಲಿ, ಇನ್ನೊಬ್ಬರ ಕೈಕೆಳಗೆ, ಸರ್ಕಾರಿ ಶಾಲೆಯನ್ನು ನಂಬಿಕೊಂಡು. ಹಾಗೆ ಅಳೆದಾಗ ನನ್ನ ಮೆಚ್ಚಿನ ರಾಜ್ಯ ಮಿನ್ನೆಸೋಟ. ಕೆನಡಾದ ಗಡಿಗೆ ಅಂಟಿಕೊಂಡ, ಜನವರಿಯ ರಾತ್ರಿಗಳಲ್ಲಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ರಾಜ್ಯವನ್ನು ಯಾರಾದರೂ ಬೇಕೆಂದೇ ಆರಿಸಿಕೊಳ್ಳುತ್ತಾರೆಯೇ ಎಂದು ಕೇಳುವವರಿಗಾಗಿಯೇ ಈ ಬರಹ.

ಮೊದಲು ಒಂದು ವ್ಯವಸ್ಥೆಯ ಮಾತು. ವೀಸಾ, ಗ್ರೀನ್ ಕಾರ್ಡ್, ಪಾಸ್‌ಪೋರ್ಟ್, ಸೋಷಿಯಲ್ ಸೆಕ್ಯುರಿಟಿ ಇವೆಲ್ಲ ಒಕ್ಕೂಟ ಸರ್ಕಾರದ ಕೈಯಲ್ಲಿವೆ. ಯಾವ ರಾಜ್ಯದಲ್ಲಿದ್ದರೂ ನಿಯಮ ಒಂದೇ. ಆದರೆ ಚಾಲನಾ ಪರವಾನಗಿ, ವಾಹನ ವಿಮೆ, ಬಾಡಿಗೆ ಕರಾರು, ಶಾಲೆ, ಮದುವೆ, ವಿಚ್ಛೇದನ, ಕಾರ್ಮಿಕ ನಿಯಮಗಳ ಬಹುಭಾಗ, ಆಸ್ತಿ ತೆರಿಗೆ ಎಲ್ಲವೂ ರಾಜ್ಯದ್ದು. ಕರ್ನಾಟಕದಲ್ಲಿ ಪಡೆದ ಚಾಲನಾ ಪರವಾನಗಿ ಕೇರಳಕ್ಕೆ ಮನೆ ಬದಲಿಸಿದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಮಿನ್ನೆಸೋಟಕ್ಕೆ ಬಂದು ನೆಲೆಸಿದವರು 60 ದಿನಗಳೊಳಗೆ ಈ ರಾಜ್ಯದ ಪರವಾನಗಿ ಪಡೆಯಬೇಕು, ಕಾರನ್ನೂ ಇಲ್ಲಿ ನೋಂದಾಯಿಸಬೇಕು. ವಿಮೆಯೂ ಬದಲಾಗುತ್ತದೆ. ಇದು 'ನೋ ಫಾಲ್ಟ್' ರಾಜ್ಯ: ಅಪಘಾತದಲ್ಲಿ ತಪ್ಪು ಯಾರದೇ ಇರಲಿ, ನಿಮ್ಮ ಚಿಕಿತ್ಸೆಯ ಖರ್ಚನ್ನು ಮೊದಲು ಭರಿಸುವುದು ನಿಮ್ಮದೇ ವಿಮೆ. ಪಾಲಿಸಿಯ ಬೆಲೆಯೊಂದನ್ನೇ ಬೇರೆ ರಾಜ್ಯದ ಗೆಳೆಯರ ಪಾಲಿಸಿಯೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಇನ್ನು ತೆರಿಗೆ. ದುಡಿಮೆಯ ಆದಾಯಕ್ಕೆ ರಾಜ್ಯ ತೆರಿಗೆ ಹಾಕದ ರಾಜ್ಯಗಳು 9 ಇವೆ. ಟೆಕ್ಸಾಸ್, ಫ್ಲಾರಿಡಾ, ವಾಷಿಂಗ್ಟನ್ ನಮ್ಮವರಿಗೆ ಹೆಚ್ಚು ಪರಿಚಿತ. ಮಿನ್ನೆಸೋಟದಲ್ಲಿ ತೆರಿಗೆ ಇದೆ, ಕಡಿಮೆಯೇನೂ ಇಲ್ಲ: 5.35, 6.8, 7.85 ಮತ್ತು 9.85 ಶೇಕಡಾದ ನಾಲ್ಕು ಹಂತಗಳು. ಸಾಧಾರಣ ಸಾಫ್ಟ್‌ವೇರ್ ಸಂಬಳದ ದೊಡ್ಡ ಪಾಲು 6.8ರ ಹಂತದಲ್ಲಿ ಬೀಳುತ್ತದೆ. ಈ ಅಂಕಿ ಕಂಡೊಡನೆ ಬೆನ್ನು ತಿರುಗಿಸುವವರಿಗೆ ನನ್ನ ಮಾತು ಇಷ್ಟೇ: ಟೆಕ್ಸಾಸ್‌ನಲ್ಲಿ ಮನೆ ಕೊಂಡವರನ್ನು ವರ್ಷಕ್ಕೆ ಎಷ್ಟು ಆಸ್ತಿ ತೆರಿಗೆ ಕಟ್ಟುತ್ತೀರಿ ಎಂದು ಕೇಳಿ ನೋಡಿ. ಸರ್ಕಾರ ನಡೆಯಲು ಹಣ ಎಲ್ಲಿಂದಲಾದರೂ ಬರಲೇಬೇಕು. ಮಿನ್ನೆಸೋಟದ ಮಾರಾಟ ತೆರಿಗೆ ಶೇಕಡಾ 6.875, ಅದರ ಮೇಲೆ ನಗರಗಳ ತೆರಿಗೆ ಬೇರೆ. ಆದರೆ ಬಟ್ಟೆಗೆ ತೆರಿಗೆಯಿಲ್ಲ, ಅಕ್ಕಿ, ಬೇಳೆ, ತರಕಾರಿ, ಹಾಲಿಗೂ ಇಲ್ಲ. ಬಾಡಿಗೆ ಮನೆಯಲ್ಲಿದ್ದು ಆದಾಯ ಮಿತಿಯೊಳಗಿದ್ದರೆ, ಕೊಟ್ಟ ಬಾಡಿಗೆಯಲ್ಲಿ ಅಡಗಿರುವ ಆಸ್ತಿ ತೆರಿಗೆಗೆ ಪ್ರತಿಯಾಗಿ ಒಂದಷ್ಟು ಹಣ ಮರಳಿ ಬರುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಮಾಲೀಕರು ಜನವರಿ ಕೊನೆಯೊಳಗೆ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ವರ್ಷದ ನಡುವೆ ರಾಜ್ಯ ಬದಲಿಸಿದವರು ಆ ವರ್ಷ ಎರಡೂ ರಾಜ್ಯಗಳಿಗೆ ಭಾಗಶಃ ನಿವಾಸಿಯಾಗಿ ಲೆಕ್ಕ ಒಪ್ಪಿಸಬೇಕಾಗಬಹುದು. ಹಳೆಯ ರಾಜ್ಯದ ಸಂಬಳ ಚೀಟಿಗಳನ್ನು ಜೋಪಾನವಾಗಿಡಿ.

ಚಳಿಯ ಬಗ್ಗೆ ಹೆದರಿಸುವವರು ಸಾಕಷ್ಟಿದ್ದಾರೆ. ನನಗೆ ಈ ರಾಜ್ಯದ ಮೇಲೆ ಪ್ರೀತಿ ಹುಟ್ಟಿದ್ದೇ ಚಳಿಯಿಂದ, ಇನ್ನೂ ನಿಖರವಾಗಿ ಹೇಳಬೇಕೆಂದರೆ ಚಳಿಗಾಗಿ ಇಲ್ಲಿನ ಜನ ಬರೆದುಕೊಂಡ ಕಾನೂನುಗಳಿಂದ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಬಾಡಿಗೆ ಮನೆಯನ್ನು ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಡುವುದು ಮಾಲೀಕನ ಹೊಣೆ. ಬೆಚ್ಚಗಿಡುವ ವ್ಯವಸ್ಥೆ ಬಾಡಿಗೆದಾರನ ಹತೋಟಿಯಲ್ಲಿ ಇಲ್ಲದ ಕಟ್ಟಡಗಳಲ್ಲಿ ಇದು ಜೀವ ಉಳಿಸುವ ನಿಯಮ. ಅದೇ ಅವಧಿಯಲ್ಲಿ 'ಕೋಲ್ಡ್ ವೆದರ್ ರೂಲ್' ಎಂಬ ಇನ್ನೊಂದು ರಕ್ಷಣೆ ಇದೆ. ವಿದ್ಯುತ್ ಅಥವಾ ಅನಿಲದ ಬಿಲ್ಲು ಬಾಕಿ ಬಿದ್ದರೂ, ಕಂಪನಿಗೆ ಕರೆ ಮಾಡಿ ಕಂತಿನ ಒಪ್ಪಂದ ಮಾಡಿಕೊಂಡು ಅದರಂತೆ ನಡೆದರೆ ಮನೆ ಬೆಚ್ಚಗಿಡುವ ಸಂಪರ್ಕವನ್ನು ಕಡಿಯುವಂತಿಲ್ಲ. ಕೆಲಸ ಹೋದ ತಿಂಗಳಲ್ಲೇ ದೊಡ್ಡ ಬಿಲ್ಲು ಬರುವ ಸಂದರ್ಭ ಯಾರಿಗೂ ಬರಬಹುದು. ಆಗ ಸುಮ್ಮನೆ ಕೂರದೆ ಕರೆ ಮಾಡಬೇಕು. ರಕ್ಷಣೆ ತಾನಾಗಿ ಬರುವುದಿಲ್ಲ.

ಬಾಡಿಗೆಯ ಮುಂಗಡ ಹಣದ ನಿಯಮವೂ ಸ್ಪಷ್ಟವಾಗಿದೆ. ಮನೆ ಬಿಟ್ಟು, ಹೊಸ ವಿಳಾಸ ಕೊಟ್ಟ ಮೇಲೆ ಮೂರು ವಾರಗಳೊಳಗೆ ಹಣವನ್ನು ಬಡ್ಡಿ ಸಹಿತ ಮರಳಿಸಬೇಕು, ಇಲ್ಲವೇ ಹಿಡಿದುಕೊಂಡದ್ದಕ್ಕೆ ಕಾರಣವನ್ನು ಬರೆದು ಕೊಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು, ಬಿಡುವಾಗ ಬಣ್ಣ ಬಳಿಯುವ ಲೆಕ್ಕದಲ್ಲಿ ಕಳೆದುಕೊಂಡವರಿಗೆ ಈ ನಿಯಮದ ಬೆಲೆ ವಿವರಿಸಬೇಕಾಗಿಲ್ಲ. ಮನೆ ಸೇರುವ ದಿನವೇ ಪ್ರತಿ ಕೋಣೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಹಿಮದ ದಿನಗಳಲ್ಲಿ ಕಾರು ನಿಲ್ಲಿಸುವ ಶಿಸ್ತು ಬೇರೆಯೇ ಇದೆ. ಮಿನಿಯಾಪೊಲಿಸ್ ನಗರ 'ಸ್ನೋ ಎಮರ್ಜೆನ್ಸಿ' ಘೋಷಿಸಿತೆಂದರೆ, ಮೊದಲ ದಿನ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಮುಖ್ಯ ಮಾರ್ಗಗಳ ಯಾವ ಬದಿಯಲ್ಲೂ ನಿಲ್ಲಿಸಬಾರದು. ಎರಡನೆಯ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಳಿದ ರಸ್ತೆಗಳಲ್ಲಿ ಸಮಸಂಖ್ಯೆಯ ಮನೆಗಳಿರುವ ಬದಿ ಖಾಲಿ ಇರಬೇಕು, ಮೂರನೆಯ ದಿನ ಬೆಸಸಂಖ್ಯೆಯ ಬದಿ. ಮೊದಲ ಹಿಮಗಾಲದ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದೆ: ಎದುರು ಬದಿಯ ಕಾರುಗಳೆಲ್ಲ ಯಾರೂ ಕೂಗಿ ಹೇಳದೆಯೇ ಈ ಬದಿಗೆ ಬಂದಿದ್ದವು, ಹಳದಿ ದೀಪದ ಹಿಮ ತಳ್ಳುವ ಲಾರಿ ಖಾಲಿ ಬದಿಯನ್ನು ಅಂಚಿನವರೆಗೂ ಕೆರೆದುಕೊಂಡು ಹೋಯಿತು, ಪಕ್ಕದ ಮನೆಯ ವೃದ್ಧೆಯ ಕಾರಿನ ಮೇಲಿನ ಹಿಮವನ್ನು ಕೆಳಮನೆಯ ಹುಡುಗ ಗುಡಿಸುತ್ತಿದ್ದ. ನಿಯಮವನ್ನು ಎಲ್ಲರೂ ಪಾಲಿಸಿದರೆ ಒಂದು ಊರು ಎಷ್ಟು ಬೇಗ ಮತ್ತೆ ನಡೆಯತೊಡಗುತ್ತದೆ ಎಂಬುದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅಲ್ಲಿಯೇ. ನಗರದ ಎಚ್ಚರಿಕೆ ಸಂದೇಶ ನಿಮ್ಮ ಮೊಬೈಲ್‌ಗೆ ಬರುವಂತೆ ನವೆಂಬರ್‌ಗೆ ಮೊದಲೇ ಹೆಸರು ನೋಂದಾಯಿಸಿ. ಸುತ್ತಲಿನ ಊರುಗಳಾದ ಈಡನ್ ಪ್ರೇರಿ, ಪ್ಲಿಮತ್, ವುಡ್‌ಬರಿಗಳಲ್ಲಿ ನಿಯಮ ಬೇರೆ ಬೇರೆ. ಆಯಾ ಊರಿನದನ್ನು ಓದಿಕೊಳ್ಳಬೇಕು.

ಉದ್ಯೋಗದಲ್ಲಿರುವವರಿಗೆ, ಅದರಲ್ಲೂ ಎಚ್-1ಬಿ ವೀಸಾದಲ್ಲಿರುವವರಿಗೆ, ಈ ರಾಜ್ಯದ ಒಂದು ಕಾನೂನು ಬಹಳ ದೊಡ್ಡದು. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ 'ನಾನ್‌ಕಾಂಪೀಟ್' ಷರತ್ತು, 2023ರ ಜುಲೈ 1ರಿಂದ ಈಚೆಗೆ ಸಹಿ ಮಾಡಿದ ಉದ್ಯೋಗ ಕರಾರುಗಳಲ್ಲಿ ಇದ್ದರೂ ಇಲ್ಲಿ ಅಸಿಂಧು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾನೂನು 19ನೆಯ ಶತಮಾನದಿಂದಲೇ ಇದೆ; ಬಹುತೇಕ ರಾಜ್ಯಗಳಲ್ಲಿ ಇಷ್ಟು ಪೂರ್ಣ ರಕ್ಷಣೆ ಇಲ್ಲ. ಕೆಲಸ ಕಳೆದುಕೊಂಡು 60 ದಿನಗಳೊಳಗೆ ಹೊಸ ಮಾಲೀಕನನ್ನು ಹುಡುಕಬೇಕಾದವನಿಗೆ, ಅದೇ ಕ್ಷೇತ್ರದ ಬಾಗಿಲುಗಳೆಲ್ಲ ತೆರೆದಿರುವುದು ಎಂಥ ನೆಮ್ಮದಿ! ಗೋಪ್ಯತೆಯ ಕರಾರು, ಹಳೆಯ ಗ್ರಾಹಕರನ್ನು ಸೆಳೆಯಬಾರದೆಂಬ ಕರಾರು ಮಾತ್ರ ಈಗಲೂ ಊರ್ಜಿತ. ಅವುಗಳನ್ನು ಓದದೆ ಸಹಿ ಹಾಕಬೇಡಿ. 2024ರಿಂದ ಪ್ರತಿ 30 ಗಂಟೆ ದುಡಿಮೆಗೆ ಒಂದು ಗಂಟೆ ಸಂಬಳ ಸಹಿತ ಅನಾರೋಗ್ಯ ರಜೆ ಸೇರುತ್ತಾ ಹೋಗುತ್ತದೆ. 2026ರ ಜನವರಿ 1ರಿಂದ ಹೆರಿಗೆ, ಗಂಭೀರ ಕಾಯಿಲೆ, ಮನೆಯವರ ಆರೈಕೆಗೆ ಸಂಬಳದ ಒಂದು ಭಾಗ ಸಿಗುವ ರಾಜ್ಯ ವಿಮೆಯೂ ಜಾರಿಯಲ್ಲಿದೆ. ಒಕ್ಕೂಟ ಸರ್ಕಾರದ ಕಾನೂನು ಖಾಸಗಿ ನೌಕರರಿಗೆ ಸಂಬಳವಿಲ್ಲದ ರಜೆಯನ್ನಷ್ಟೇ ಕೊಡುತ್ತದೆ ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ.

ಶಾಲೆಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ಹಣ ಬರುವುದು ಬಹುಪಾಲು ಆ ಊರಿನ ಆಸ್ತಿ ತೆರಿಗೆಯಿಂದ ಮತ್ತು ರಾಜ್ಯದ ಖಜಾನೆಯಿಂದ. ಸ್ಥಳೀಯ ತೆರಿಗೆಯನ್ನೇ ನಂಬಿದ ಕಡೆ ಶ್ರೀಮಂತ ಊರಿನ ಮಗುವಿಗೆ ಒಳ್ಳೆಯ ಶಾಲೆ, ಬಡ ಊರಿನ ಮಗುವಿಗೆ ಸೋರುವ ಚಾವಣಿ. ನಮ್ಮವರು ಸಾಲದ ಮೇಲೆ ಸಾಲ ಮಾಡಿ 'ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್'ನಲ್ಲಿ, ಅಂದರೆ ಒಳ್ಳೆಯ ಶಾಲೆಗಳಿರುವ ಶಾಲಾ ವಲಯದಲ್ಲಿ, ಮನೆ ಕೊಳ್ಳುವುದು ಇದೇ ಕಾರಣಕ್ಕೆ. ಮಿನ್ನೆಸೋಟ 1971ರಲ್ಲಿ, ವೆಂಡೆಲ್ ಆಂಡರ್ಸನ್ ರಾಜ್ಯಪಾಲರಾಗಿದ್ದಾಗ, ಶಾಲೆಯ ಖರ್ಚಿನ ದೊಡ್ಡ ಪಾಲನ್ನು ರಾಜ್ಯದ ಹೆಗಲಿಗೆ ಹಾಕಿಕೊಂಡಿತು. (ಇಲ್ಲಿ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾದವರು, ನಮ್ಮ ಮುಖ್ಯಮಂತ್ರಿಯ ಸ್ಥಾನ ಅವರದು.) ಅದೇ ವರ್ಷ ಇನ್ನೊಂದು ಅಪರೂಪದ ಕಾನೂನು ಬಂತು: ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಸುತ್ತಲಿನ ಏಳು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಊರುಗಳು, ಅಲ್ಲಿಂದೀಚೆಗೆ ತಮ್ಮ ವಾಣಿಜ್ಯ ಕಟ್ಟಡಗಳ ತೆರಿಗೆ ಮೂಲದಲ್ಲಿ ಆದ ಬೆಳವಣಿಗೆಯ ಶೇಕಡಾ 40ನ್ನು ಒಂದು ಸಾಮಾನ್ಯ ನಿಧಿಗೆ ಸೇರಿಸಿ ಹಂಚಿಕೊಳ್ಳಬೇಕು. ಹೊಸ ವಾಣಿಜ್ಯ ಕಟ್ಟಡಗಳ ಲಾಭವೆಲ್ಲ ಒಂದೇ ಊರನ್ನು ಕೊಬ್ಬಿಸಬಾರದೆಂಬುದು ಇದರ ಉದ್ದೇಶ. ಬೆಂಗಳೂರಿನ ಐಟಿ ಕಾರಿಡಾರಿನ ತೆರಿಗೆಯಲ್ಲಿ ಆನೇಕಲ್ಲಿಗೂ ಮಾಗಡಿಗೂ ಕಾನೂನಿನ ಪ್ರಕಾರವೇ ಪಾಲು ಸಿಗುವುದನ್ನು ಊಹಿಸಿಕೊಳ್ಳಿ.

ಇದಲ್ಲದೆ ಪೋಷಕರ ಕೈಗೆ ನೇರವಾಗಿ ಸಿಗುವ ಸೌಲಭ್ಯಗಳಿವೆ. 'ಓಪನ್ ಎನ್‌ರೋಲ್‌ಮೆಂಟ್' ಮೂಲಕ, ಮನೆ ಇರುವ ಡಿಸ್ಟ್ರಿಕ್ಟ್ ಬಿಟ್ಟು ಬೇರೆ ಡಿಸ್ಟ್ರಿಕ್ಟ್‌ನ ಶಾಲೆಗೆ ಮಗುವನ್ನು ಸೇರಿಸಲು ಅರ್ಜಿ ಹಾಕಬಹುದು. ಮುಂದಿನ ಶಾಲಾ ವರ್ಷಕ್ಕೆ ಕೊನೆಯ ದಿನ ಜನವರಿ 15. ಜಾಗವಿದ್ದರೆ ಸಿಗುತ್ತದೆ, ಆದರೆ ಆ ಡಿಸ್ಟ್ರಿಕ್ಟ್‌ನ ಗಡಿಯವರೆಗೆ ಮಗುವನ್ನು ತಲುಪಿಸುವುದು ನಿಮ್ಮ ಜವಾಬ್ದಾರಿ. 1985ರಲ್ಲಿ ಆರಂಭವಾದ 'ಪಿಎಸ್‌ಇಒ' (ಪೋಸ್ಟ್‌ಸೆಕೆಂಡರಿ ಎನ್‌ರೋಲ್‌ಮೆಂಟ್ ಆಪ್ಷನ್ಸ್) ಯೋಜನೆಯಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳು ಕಾಲೇಜಿನ ಪಾಠಗಳನ್ನು ಶುಲ್ಕವಿಲ್ಲದೆ ಓದಬಹುದು. ಪುಸ್ತಕವೂ ಉಚಿತ, ಅಂಕಗಳು ಶಾಲೆಗೂ ಕಾಲೇಜಿಗೂ ಸಲ್ಲುತ್ತವೆ. ಕಾಲೇಜಿನ ಶುಲ್ಕ ಕೇಳಿ ಎದೆ ಹಿಡಿದುಕೊಳ್ಳುವ ದೇಶದಲ್ಲಿ ಇದು ಸಣ್ಣ ಮಾತಲ್ಲ. 2023ರ ಶಾಲಾ ವರ್ಷದಿಂದ ಬೆಳಗಿನ ಉಪಾಹಾರ ಮತ್ತು ಮಧ್ಯಾಹ್ನದ ಊಟ ಮನೆಯ ಆದಾಯ ಕೇಳದೆ ಎಲ್ಲ ಮಕ್ಕಳಿಗೂ ಉಚಿತ. ಸಸ್ಯಾಹಾರಿ ಮಕ್ಕಳ ಪೋಷಕರು ತಿಂಗಳ ಊಟದ ಪಟ್ಟಿ ನೋಡಿ ಶಾಲೆಗೆ ಮೊದಲೇ ತಿಳಿಸಿದರೆ ಒಳ್ಳೆಯದು.

ಈ ರಾಜ್ಯಕ್ಕೆ ಕಳಂಕವಿಲ್ಲವೆಂದು ನಾನು ಹೇಳುವುದಿಲ್ಲ. 2020ರ ಮೇ 25ರಂದು ಕರಿಯ ಸಮುದಾಯದ ಜಾರ್ಜ್ ಫ್ಲಾಯ್ಡ್ ಬಿಳಿಯ ಪೊಲೀಸನ ಮೊಣಕಾಲಿನಡಿ ಪ್ರಾಣ ಬಿಟ್ಟದ್ದು ಮಿನಿಯಾಪೊಲಿಸ್‌ನ ಬೀದಿಯಲ್ಲಿ. ಸ್ವಂತ ಮನೆ, ಆದಾಯ, ಶಾಲಾ ಫಲಿತಾಂಶ ಯಾವುದನ್ನು ತೆಗೆದುಕೊಂಡರೂ ಇಲ್ಲಿನ ಬಿಳಿಯರಿಗೂ ಕರಿಯರಿಗೂ ನಡುವಿನ ಅಂತರ ದೊಡ್ಡದು. ಮೇಲೆ ಹೇಳಿದ ಒಳ್ಳೆಯ ಕಾನೂನುಗಳ ಫಲ ಎಲ್ಲರಿಗೂ ಸಮನಾಗಿ ತಲುಪಿಲ್ಲ. ಹೊರಗಿನಿಂದ ಬಂದು ಇಲ್ಲಿನ ಸೌಲಭ್ಯ ಉಣ್ಣುವ ನಮಗೆ ಈ ಚರಿತ್ರೆ ತಿಳಿದಿರಬೇಕು. ಯಾವ ಬಡಾವಣೆ 'ಕೆಟ್ಟದ್ದು' ಎಂದು ಪಿಸುಗುಡುವ ಮುಂಚೆ ಅದು ಹಾಗೇಕಾಯಿತು ಎಂದು ಕೇಳಬೇಕು.

ಇನ್ನು ನೀರು. 10 ಎಕರೆ ಮತ್ತು ಅದಕ್ಕಿಂತ ದೊಡ್ಡ ಕೆರೆಗಳೇ 11,842 ಇರುವ ರಾಜ್ಯವಿದು. ರಾಜ್ಯದ ಉತ್ತರ ಭಾಗದಲ್ಲಿ, 1891ರಲ್ಲಿ ಸ್ಥಾಪಿಸಿದ ಇಟಾಸ್ಕ ಉದ್ಯಾನದ ಕೆರೆಯಿಂದ ಮಿಸ್ಸಿಸ್ಸಿಪ್ಪಿ ನದಿ ಹುಟ್ಟುತ್ತದೆ. ತಲಕಾವೇರಿ ಕಂಡವರು ಅಲ್ಲಿಗೆ ಒಮ್ಮೆ ಹೋಗಲೇಬೇಕು. ಕೆರೆಯ ಅಂಚಿನ ಸಾಲುಗಲ್ಲುಗಳ ಮೇಲೆ ಮಕ್ಕಳು ನದಿಯನ್ನು ದಾಟುತ್ತಾರೆ, ಮೊಣಕಾಲುದ್ದದ ನೀರು. ಅದೇ ನೀರು 3,700 ಕಿಲೋಮೀಟರಿಗೂ ಹೆಚ್ಚು ಹರಿದು ಮೆಕ್ಸಿಕೊ ಕೊಲ್ಲಿ ಸೇರುತ್ತದೆ. ಊರಿನಿಂದ ತಂದೆ ತಾಯಿಯರನ್ನು ಕರೆಸುವವರು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಕರೆಸಿ. ಮೇಪಲ್ ಗ್ರೋವ್‌ನಲ್ಲಿರುವ ಹಿಂದೂ ದೇವಾಲಯ ಅವರಿಗೆ ಆಸರೆಯಾಗುತ್ತದೆ.

ಕೊನೆಗೊಂದು ಎಚ್ಚರಿಕೆಯ ಮಾತು, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಮಿನ್ನೆಸೋಟ ಮತದಾನವನ್ನು ಬಹಳ ಸುಲಭ ಮಾಡಿದೆ: 1974ರಿಂದ ಮತದಾನದ ದಿನವೇ ನೋಂದಾಯಿಸಿಕೊಂಡು ಮತ ಹಾಕಬಹುದು. ಪೌರತ್ವ ಪಡೆದ ಕನ್ನಡಿಗರು ಇದನ್ನು ತಪ್ಪದೆ ಬಳಸಬೇಕು. ಆದರೆ ವೀಸಾದಲ್ಲಿ ಅಥವಾ ಗ್ರೀನ್ ಕಾರ್ಡ್‌ನಲ್ಲಿ ಇರುವವರು ಮತದಾರರಾಗಿ ನೋಂದಾಯಿಸಿಕೊಂಡರೆ, ಗೊತ್ತಿಲ್ಲದೆ ಮಾಡಿದರೂ, ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು. ಚಾಲನಾ ಪರವಾನಗಿಗೆ ಹೋದಾಗ ನಿಮ್ಮ ವೀಸಾದ ದಾಖಲೆಯನ್ನು ಮುಂದಿಡಿ, ಮತದಾರರ ಪಟ್ಟಿಯ ಪ್ರಶ್ನೆ ಬಂದರೆ ಪೌರನಲ್ಲ ಎಂದು ಸ್ಪಷ್ಟವಾಗಿ ಹೇಳಿ, ಸಹಿ ಹಾಕುವ ಮುನ್ನ ಅರ್ಜಿಯ ಪ್ರತಿ ಸಾಲನ್ನೂ ಓದಿ.