ಪುಣೆಯ ಚಳಿಯಲ್ಲಿ ಹಿರಿಯರ ವಾಕಿಂಗ್: ಹೊತ್ತು ಬದಲಿಸಿ, ನಡಿಗೆ ಬಿಡಬೇಡಿ

ನಮ್ಮನೆಯವರಿಗೆ ಈಗ 74. ಧಾರವಾಡದಲ್ಲಿದ್ದಾಗಿನಿಂದ ಬೆಳಗಿನ ಐದಕ್ಕೆ ಎದ್ದು ವಾಕಿಂಗ್ ಹೋಗುವ ರೂಢಿ. ಪುಣೆಗೆ ಬಂದು ಮೂವತ್ತು ವರ್ಷವಾದರೂ ತಪ್ಪಿರಲಿಲ್ಲ. ಹೋದ ಡಿಸೆಂಬರ್‌ನಲ್ಲಿ ಒಂದು ದಿನ ಶುಗರ್ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ, ಕತ್ತಲಲ್ಲೇ ಹೊರಟರು. ಅರ್ಧ ದಾರಿಗೆ ಕೈ ನಡುಗಿ, ಆ ಚಳಿಯಲ್ಲೂ ಮೈಯೆಲ್ಲ ಬೆವರಿ, ಮುಚ್ಚಿದ ಅಂಗಡಿಯೊಂದರ ಕಟ್ಟೆ ಮೇಲೆ ಕೂತುಬಿಟ್ಟರು. ಹಾಲು ಹಾಕುವ ಹುಡುಗ ನೋಡಿ, ಬಿಸ್ಕಿಟ್ ತಿನ್ನಿಸಿ, ಗಾಡಿ ಮೇಲೆ ಮನೆಗೆ ಕರೆತಂದ. ಅವನ ಉಪಕಾರ ನಾನು ಮರೆಯುವುದಿಲ್ಲ. ಅವತ್ತಿನಿಂದ ಡಾಕ್ಟರನ್ನು ಕೇಳಿ, ನೋಡಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊತ್ತಿನ ಮಾತು, ಯಾಕೆಂದರೆ ಎಲ್ಲಕ್ಕಿಂತ ಜಾಸ್ತಿ ಫರಕು ಬೀಳುವುದು ಇಲ್ಲೇ. ಜನವರಿಯಲ್ಲಿ ಪುಣೆಯಲ್ಲಿ ಸೂರ್ಯ ಹುಟ್ಟುವುದೇ 7 ಗಂಟೆ ದಾಟಿದ ಮೇಲೆ, ಬೆಂಗಳೂರಿಗಿಂತ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ತಡ. ಎಷ್ಟೋ ಬೆಳಗು 10 ಡಿಗ್ರಿ ಆಸುಪಾಸು ಇರುತ್ತದೆ, ಅದೇ ದಿನ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಚಳಿ ತಾಗಿದರೆ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ. ಏಳುವ ಹೊತ್ತಿಗೆ ಬಿಪಿ ತಾನಾಗಿಯೇ ಏರುವುದು ಬೇರೆ. ಎರಡೂ ಸೇರಿದರೆ ಹೃದಯಕ್ಕೆ ಭಾರ.

ಗಾಳಿಯದೂ ಅದೇ ಕಥೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ನೆಲದ ಹತ್ತಿರವೇ ಕೂತಿರುತ್ತದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತೆ ಇರುತ್ತದೆ. ವಾಚ್‌ಮನ್‌ಗಳು ಚಳಿ ಕಾಯಿಸಲು ಹಚ್ಚುವ ಬೆಂಕಿ, ಸುಟ್ಟ ಕಸ, ಗಾಡಿಗಳ ಹೊಗೆ ಎಲ್ಲ ಕೆಳಗೇ ಉಳಿಯುತ್ತದೆ. ಬಿಸಿಲು ಬಂದು ನೆಲ ಕಾದ ಮೇಲೆಯೇ ಅದು ಮೇಲೆದ್ದು ಚದುರುವುದು. ಬೆಳಗಿನ ಗಾಳಿ ಶುದ್ಧ ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಅಲ್ವಾ? ಊರಲ್ಲಿ ಅದು ನಿಜವಿರಬಹುದು, ಪುಣೆಯಂಥ ಶಹರದ ಚಳಿಗಾಲಕ್ಕೆ ನಿಜವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಮೊಬೈಲ್‌ನಲ್ಲಿ ಹಾಕಿಕೊಳ್ಳಿ. ಅದು ತೋರಿಸುವ ಗಾಳಿ ಗುಣಮಟ್ಟದ ಅಂಕಿ (AQI) 200 ದಾಟಿದರೆ ಅದು ಕಳಪೆ ಗಾಳಿ. ದಮ್ಮು, ಹೃದಯದ ತೊಂದರೆ ಇದ್ದವರು ಅವತ್ತು ಮನೆಯೊಳಗೇ ನಡೆಯಿರಿ.

ಹಾಗಾಗಿ ಎಂಟರ ಮೇಲೆ ಹೊರಡಿ. ಇಲ್ಲವೇ ಸಂಜೆ ನಾಲ್ಕೂವರೆಗೆ. ಆರೂಕಾಲರ ಹೊತ್ತಿಗೆ ಕತ್ತಲಾಗತೊಡಗುತ್ತದೆ, ಅಷ್ಟರೊಳಗೆ ಮನೆ ಸೇರಿ. ನಮ್ಮವರಿಗೆ ಹೊತ್ತು ಬದಲಿಸುವುದು ಬಹಳ ಕಷ್ಟವಾಯಿತು, ಏಕೆಂದರೆ ಐದೂವರೆಯ ಗೆಳೆಯರ ಗುಂಪು ಬಿಡಬೇಕಲ್ಲ. ಕೊನೆಗೆ ನಾನೇ ಆ ಗುಂಪಿನವರ ಮನೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಈಗ ಆರು ಜನರಲ್ಲಿ ನಾಲ್ವರು ಎಂಟಕ್ಕೇ ಬರುತ್ತಾರೆ.

ಹೊದಿಕೆ ಕಿತ್ತು ತಟ್ಟನೆ ಎದ್ದು ನಿಲ್ಲಬೇಡಿ. ಮಂಚದ ಅಂಚಿಗೆ ಒಂದೆರಡು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ಏಳಿ, ಅದರಲ್ಲೂ ಬಿಪಿ ಮಾತ್ರೆ ತಗೊಳ್ಳುವವರು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಚಳಿಗೆ ಇನ್ನೂ ಕಡಿಮೆ, ಆದ್ದರಿಂದ ಒಂದು ಲೋಟ ಬೆಚ್ಚಗಿನ ನೀರು ಕುಡಿದೇ ಹೊರಡಿ. ಡಾಕ್ಟರು ನೀರು ಅಳತೆ ಮಾಡಿಕೊಟ್ಟಿದ್ದರೆ ಅವರ ಅಳತೆಯಂತೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಇದ್ದವರು ಏನಾದರೂ ತಿನ್ನದೆ ಹೊಸಿಲು ದಾಟಬೇಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈ ನಡುಗಿ, ಬೆವರಿ, ತಲೆ ಮಂಕಾದರೆ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿ ಕೂತುಕೊಳ್ಳಿ, ಹದಿನೈದು ನಿಮಿಷಕ್ಕೂ ಸರಿಯಾಗದಿದ್ದರೆ ಮತ್ತೆ ಅಷ್ಟೇ. ಬಿಸ್ಕಿಟ್ ಸಕ್ಕರೆಯಷ್ಟು ಬೇಗ ಕೆಲಸ ಮಾಡುವುದಿಲ್ಲ ಅಂತ ನಮಗೆ ಆಮೇಲೆ ಗೊತ್ತಾಯಿತು.

ಬಟ್ಟೆ: ಒಂದು ದಪ್ಪ ಸ್ವೆಟರ್‌ಗಿಂತ ತೆಳ್ಳಗಿನ ಎರಡು ಮೂರು ಒಳ್ಳೆಯದು, ಬಿಸಿಲೇರಿದಂತೆ ಒಂದೊಂದೇ ತೆಗೆಯಬಹುದು. ಕಿವಿಗೆ ಕುಲಾವಿ. ದಮ್ಮು ಇದ್ದವರು ಮೂಗಿನ ಮೇಲೆ ಮಫ್ಲರ್ ಹಾಕಿ, ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ. ಇನ್ಹೇಲರ್ ಜೇಬಿನಲ್ಲಿರಲಿ. ಆದರೆ ಕುಲಾವಿ ಹಾಕಿದ ಮೇಲೆ ಹಿಂದಿನ ಹಾರ್ನ್ ಸರಿಯಾಗಿ ಕೇಳುವುದಿಲ್ಲ, ರಸ್ತೆ ದಾಟುವಾಗ ಕಿವಿ ತೆರೆದುಕೊಳ್ಳಿ.

ಜಾಗ ಆರಿಸುವಾಗ ಹಟ ಬೇಡ. ತಳಜಾಯಿ, ವೇತಾಳ ಟೇಕಡಿ (ಟೇಕಡಿ ಅಂದರೆ ಗುಡ್ಡ) ಎರಡೂ ನನಗೆ ಬಹಳ ಇಷ್ಟ, ಆದರೆ ಮಳೆ ನಿಂತು ಎರಡು ತಿಂಗಳಾದರೆ ಟೇಕಡಿಯ ಗರಸು ಸಡಿಲವಾಗಿ, ಇಳಿಯುವಾಗ ಕಾಲು ಜಾರುತ್ತದೆ. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ. ಪರ್ವತಿ ಗುಡ್ಡದ 103 ಮೆಟ್ಟಿಲಿಗೂ ಇದೇ ಮಾತು. ಸಾರಸ್ ಬಾಗ್‌ನಂಥ ಸಮತಟ್ಟು ಜಾಗ, ಕೂರಲು ಬೆಂಚು ಇರುವಲ್ಲಿ ಶುರು ಮಾಡಿ. ಫುಟ್‌ಪಾತ್‌ನ ಪೇವರ್ ಬ್ಲಾಕ್ ಎಲ್ಲೆಲ್ಲಿ ಅಲ್ಲಾಡುತ್ತದೆ ಅಂತ ಬಿಸಿಲಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಗಾಡಿ ಬರುವ ಬದಿಯಲ್ಲೇ ನಡೆಯಿರಿ. ಬೆಳಿಗ್ಗೆ ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರಲ್ಲ, ಆ ಒದ್ದೆ ಕಲ್ಲಿನ ಮೇಲೆ ಚಪ್ಪಲಿ ಸರ್ರನೆ ಜಾರುತ್ತದೆ. ಚಪ್ಪಲಿ ಬೇಡವೇ ಬೇಡ. ಹಿಮ್ಮಡಿ ಹಿಡಿಯುವ, ಅಡಿ ಸವೆಯದ ಶೂ ಹಾಕಿ.

ಕನ್ನಡಕದಲ್ಲಿ ಕೆಳಗೆ ಓದುವ ನಂಬರ್ ಇದ್ದರೆ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಗದ್ದ ಪೂರ್ತಿ ಬಗ್ಗಿಸಿ ಮೇಲಿನ ಭಾಗದಿಂದ ನೋಡಿ. ಕೋಲು ಹಿಡಿಯುವವರು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು, ಬಹಳ ಜನ ತಪ್ಪು ಮಾಡುವುದು ಇಲ್ಲೇ. ಶೂ ಹಾಕಿ ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿಗೆ ಸರಿಯಾಗಿ ಬರಲಿ.

ಮೊದಲ ಐದು ನಿಮಿಷ ಸುಮ್ನೆ ನಿಧಾನ ನಡೆಯಿರಿ, ಕೊನೆಯ ಐದೂ ಹಾಗೆಯೇ. ನಡುವೆ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದೇ ವೇಗ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಸಬರು ಹತ್ತು ನಿಮಿಷದಿಂದ ಶುರು ಮಾಡಿ ಮೆಲ್ಲಗೆ ಏರಿಸಿ.

ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಹರಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ಮನೆ ಹತ್ತಿರವೇ ಇದೆ, ನಡೆದೇ ಹೋಗೋಣ ಅನ್ನಬೇಡಿ. ಶುಗರ್ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು ಬರಬಹುದು, ಅದನ್ನೂ ಹಗುರವಾಗಿ ತಗೊಳ್ಳಬೇಡಿ. ಮನೆಯವರ ನಂಬರ್, ಮಾತ್ರೆಗಳ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ.

ವಾಪಸ್ ಬಂದ ಮೇಲೆ ಬೆವರಿದ ಬನಿಯನ್ ಮೊದಲು ಬದಲಿಸಿ, ಚಹಾ ಆಮೇಲೆ. ಶುಗರ್ ಇದ್ದವರು ಸಾಕ್ಸ್ ಬಿಚ್ಚಿ ಪಾದ ನೋಡಿಕೊಳ್ಳಬೇಕು. ಚಳಿಗೆ ಹಿಮ್ಮಡಿ ಒಡೆದಿರುತ್ತದೆ, ಗುಳ್ಳೆ ಎದ್ದಿದ್ದರೂ ನೋವು ಗೊತ್ತಾಗುವುದಿಲ್ಲ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿ. ನಮ್ಮವರ ಅಂಗಾಲು ನಾನೇ ನೋಡುತ್ತೇನೆ, ದಿನಾ.