ಆಫ್ರಿಕನ್ ಚೆರ್ರಿಯ ಬೀಜ ಕಾಯುವುದಿಲ್ಲ

ಮೌಂಟ್ ಕೀನ್ಯಾ ತಪ್ಪಲಿನ ಒಂದು ನರ್ಸರಿಯಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಮೊದಲ ವರ್ಷ ಆಫ್ರಿಕನ್ ಚೆರ್ರಿ ಬಿತ್ತಿದ ಮಡಿಯಲ್ಲಿ ಒಂದೂ ಮೊಳಕೆ ಬರಲಿಲ್ಲ. ತಪ್ಪು ನನ್ನದೇ. ತೇಗದ ಬೀಜದ ಹಾಗೇ ಇದನ್ನೂ ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ತುಂಬಿಟ್ಟಿದ್ದೆ. ಮಳೆ ಹಿಡಿದ ಮೇಲೆ ಬಿತ್ತೋಣ ಅಂದುಕೊಂಡೆ. ಮೂರು ತಿಂಗಳು ಕಳೆದು ಒಂದು ಓಟೆ ಒಡೆದು ನೋಡಿದರೆ ಒಳಗಿನ ಬೀಜ ಸುಕ್ಕಿ ಕಂದುಬಣ್ಣಕ್ಕೆ ತಿರುಗಿತ್ತು.

ಈ ಮರ ಪ್ರೂನಸ್ ಆಫ್ರಿಕಾನಾ. ಅಲ್ಲಿನ ಕಿಕುಯು ಬುಡಕಟ್ಟಿನ ಜನ ಮುಯಿರಿ ಅಂತಾರೆ. ಹಣ್ಣು ಒಂದು ಸೆಂಟಿಮೀಟರ್ ಆಸುಪಾಸು, ಬಾಯಿಗಿಟ್ಟರೆ ಕಹಿ. ಮಂಗಗಳು, ಹಕ್ಕಿಗಳು ಮಾತ್ರ ಮುಗಿಬೀಳುತ್ತವೆ.

ಮನುಷ್ಯರಿಗೆ ಬೇಕಾದ್ದು ತೊಗಟೆ. ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೆ ಅದರಿಂದ ಔಷಧಿ ಮಾಡುತ್ತಾರೆ. ಕ್ಯಾಮರೂನ್, ಮಡಗಾಸ್ಕರ್‌ನ ಬೆಟ್ಟದ ಕಾಡುಗಳಿಂದ ಟನ್‌ಗಟ್ಟಲೆ ಯುರೋಪಿಗೆ ಹೋಯಿತು. 1995ರಿಂದ ಈ ಮರ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ, ಅಂದರೆ ಪರವಾನಗಿ ಇಲ್ಲದೆ ಹೊರದೇಶಕ್ಕೆ ಮಾರುವಂತಿಲ್ಲ. 2007ರಲ್ಲಿ ಯುರೋಪಿನ ಒಕ್ಕೂಟ ಕ್ಯಾಮರೂನ್‌ನಿಂದ ತರಿಸುವುದನ್ನೇ ನಿಲ್ಲಿಸಿತ್ತು. ಕಾಂಡದ ಎದುರುಬದುರು ತೊಗಟೆಯ ಎರಡು ಪಟ್ಟೆ ಮಾತ್ರ ತೆಗೆದು ಉಳಿದದ್ದನ್ನು ಬಿಟ್ಟರೆ ಮರ ಮತ್ತೆ ತೊಗಟೆ ಕಟ್ಟಿಕೊಳ್ಳುತ್ತದೆ. ಆದರೆ ಕಳ್ಳತನಕ್ಕೆ ಬಂದವರು ಅಷ್ಟು ತಾಳ್ಮೆಯಿಂದ ಸುಲಿಯುತ್ತಾರಾ?

ಎರಡನೇ ವರ್ಷ ಬೀಜಕ್ಕೆಂದು ನಾನು ಗುರುತು ಹಾಕಿಟ್ಟಿದ್ದ ಒಂದು ದೊಡ್ಡ ಮರವನ್ನು ಸುತ್ತಲೂ ಸುಲಿದಿದ್ದರು. ನನ್ನ ಕೈ ಎಟುಕುವ ಎತ್ತರದವರೆಗೂ ಕಾಂಡ ಬೋಳು. ಹತ್ತಿರ ಹೋದರೆ ಕಹಿ ಬಾದಾಮಿಯ ವಾಸನೆ ಇನ್ನೂ ಬರುತ್ತಿತ್ತು. ಎಲೆ ಹಸಿರಾಗೇ ಇತ್ತು, ಅದೇ ನನಗೆ ಜಾಸ್ತಿ ಸಂಕಟವಾಗಿದ್ದು. ಕೆಲವು ತಿಂಗಳಲ್ಲಿ ತುದಿಯಿಂದ ಒಣಗುತ್ತಾ ಬಂತು. ತೊಗಟೆ ಹೆಚ್ಚು ಸಿಗುವುದು ದಪ್ಪ ಮರದಲ್ಲಿ. ಹಣ್ಣು ಹೆಚ್ಚು ಬಿಡುವುದೂ ಅದೇ ಮರ.

ಉಳಿದ ಮರಗಳ ಕೆಳಗೆ ಟಾರ್ಪಾಲಿನ್ ಹಾಸಿದೆವು. ಕಡು ಕಂದುಗೆಂಪಿಗೆ ತಿರುಗಿದ ಹಣ್ಣನ್ನಷ್ಟೇ ಆರಿಸಿದೆವು, ಹಸಿರು ಹಣ್ಣು ಸುಮ್ನೆ ದಂಡ. ಅದೇ ದಿನ ಮರಳು ಸೇರಿಸಿ ಉಜ್ಜಿ ತಿರುಳು ತೆಗೆದು, ತೊಳೆದು, ನೆರಳಲ್ಲಿ ನೀರು ಆರಿಸಿದೆವು. ವಾರದೊಳಗೆ ಬಿತ್ತನೆ ಮುಗಿಯಿತು. ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಹುಲ್ಲು. ನಾಲ್ಕು ವಾರ ಏನೂ ಇಲ್ಲ. ಕೈ ಸುಮ್ಮನಿರದೆ ದಿನಾ ಹುಲ್ಲು ಎತ್ತಿ ನೋಡುತ್ತಿದ್ದೆ. ಐದನೇ ವಾರ ಮಣ್ಣು ಅಲ್ಲಲ್ಲಿ ಬಿರಿಯಿತು. ಅಂದು ಕಣ್ಣು ತುಂಬಿ ಬಂತು.

ಸಸಿ ನೆಡುವಾಗ ಜಾಗ ನೋಡಲೇಬೇಕು. ತಾಯಿಮರದ ಕೆಳಗೆ ತಾನಾಗಿ ಹುಟ್ಟಿದ ಸಸಿಗಳು ನೂರಾರು ಸಿಗುತ್ತವೆ, ಆದರೆ ತೋಳಿನಷ್ಟು ದಪ್ಪಗಾದದ್ದು ಹುಡುಕಿದರೂ ಅಪರೂಪ. ಎಳೆಯ ಗಿಡಕ್ಕೆ ಬೆಳಕು ಬೇಕು. ಹಾಗಾಗಿ ದೊಡ್ಡ ಮರ ಬಿದ್ದು ಆಕಾಶ ಕಾಣುವ ಕಡೆ ನೆಟ್ಟೆವು. ಹೋಲಿಸಿ ನೋಡಲು ಸ್ವಲ್ಪ ಸಸಿಗಳನ್ನು ಗಾಢ ನೆರಳಲ್ಲೂ ಹಾಕಿದೆವು. ನಾನು ಅಲ್ಲಿಂದ ಹೊರಡುವ ಹೊತ್ತಿಗೆ ಬೆಳಕಿನವು ನನ್ನ ಸೊಂಟಕ್ಕೆ ಬಂದಿದ್ದವು. ನೆರಳಿನವು ಉಳಿದದ್ದೇ ನಾಲ್ಕು, ಅವೂ ಗೇಣುದ್ದ.