ಎಫ್‌ಎಂ ಆಂಪ್ಲಿಫೈಯರನ್ನು ಎಸ್‌ಎಸ್‌ಬಿಗೆ ಹೊಂದಿಸುವಾಗ ಬಯಾಸ್ ಡಯೋಡ್ ಎಲ್ಲಿರಬೇಕು
ಎಫ್‌ಎಂಗಾಗಿ ಮಾಡಿದ ಹಳೆಯ ಕ್ಲಾಸ್-ಸಿ (ಸಿಗ್ನಲ್ ಬಲವಾಗಿದ್ದಾಗ ಮಾತ್ರ ಟ್ರಾನ್ಸಿಸ್ಟರ್ ಕೆಲಸ ಮಾಡುವ) ವಿಎಚ್‌ಎಫ್ ರೇಡಿಯೋ ಆಂಪ್ಲಿಫೈಯರನ್ನು ಎಸ್‌ಎಸ್‌ಬಿಗೆ (ಸಿಂಗಲ್ ಸೈಡ್‌ಬ್ಯಾಂಡ್, ಮಾತಿನ ಏರಿಳಿತದಂತೆ ಸಿಗ್ನಲ್‌ನ ಬಲವೂ ಬದಲಾಗುವ ವಿಧಾನ) ಬಳಸಬೇಕಾದರೆ, ಟ್ರಾನ್ಸಿಸ್ಟರಿನ ಬೇಸ್‌ನಿಂದ ಗ್ರೌಂಡಿಗೆ ಹೋಗುವ ಚೋಕ್‌ನ (ರೇಡಿಯೋ ಸಿಗ್ನಲ್ ತಡೆದು ಡಿಸಿ ಬಿಡುವ ಸುರುಳಿಯ) ಗ್ರೌಂಡ್ ತುದಿಯನ್ನು ಬಿಡಿಸಿ, 13.8 ವೋಲ್ಟ್ ಸಪ್ಲೈಯಿಂದ ರೆಸಿಸ್ಟರ್ ಮೂಲಕ ಕರೆಂಟ್ ಪಡೆಯುವ ಸಿಲಿಕಾನ್ ಡಯೋಡಿಗೆ ಜೋಡಿಸಿ, ಆ ಬಿಂದುವನ್ನು ಕೆಪಾಸಿಟರ್‌ಗಳಿಂದ ಬೈಪಾಸ್ ಮಾಡಿ. ಮುಖ್ಯವಾಗಿ, ಡಯೋಡಿಗೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ಅದನ್ನು ಟ್ರಾನ್ಸಿಸ್ಟರಿನ ಮೈಗೇ ಒತ್ತಿ ಕೂರಿಸಿ. ಬೇಸ್ ಮೊದಲೇ ಸುಮಾರು 0.65 ವೋಲ್ಟ್‌ನಲ್ಲಿ (ಇದೇ ಬಯಾಸ್) ನಿಂತಿರುವುದರಿಂದ ಮಾತಿನ ಮೆಲುದನಿಯ ಭಾಗಗಳು ಕತ್ತರಿಸಿಹೋಗುವುದಿಲ್ಲ. ಟ್ರಾನ್ಸಿಸ್ಟರ್ ಕಾದಂತೆ ಡಯೋಡೂ ಕಾದು, ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಬಯಾಸ್ ತಾನಾಗಿ ಇಳಿಯುತ್ತದೆ. ಹೀಟ್‌ಸಿಂಕಿನ ದೂರದ ಮೂಲೆಯಲ್ಲಿಟ್ಟ ಡಯೋಡ್ ತಡವಾಗಿ ಕಾಯುತ್ತದೆ. ಅಷ್ಟರಲ್ಲಿ ಕರೆಂಟ್ ಏರುತ್ತಲೇ ಹೋಗಿ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಡಯೋಡಿಗೆ ಕೊಟ್ಟ ಕರೆಂಟ್ ಬೇಸ್‌ನ ಗರಿಷ್ಠ ಕರೆಂಟಿಗಿಂತ ಕಡಿಮೆಯಿದ್ದರೆ ಗಟ್ಟಿ ದನಿಯಲ್ಲಿ ಬಯಾಸ್ ಕುಸಿದು ಮಾತು ಒಡೆಯುತ್ತದೆ. ಮಾಸ್‌ಫೆಟ್ (ಬೇಸ್ ಬದಲು ಗೇಟ್ ಇರುವ ಬೇರೆ ಬಗೆಯ ಟ್ರಾನ್ಸಿಸ್ಟರ್) ಆಂಪ್ಲಿಫೈಯರಿಗೆ ಈ ಸರ್ಕ್ಯೂಟ್ ಹೊಂದುವುದಿಲ್ಲ.